ಗೋವೆಯ ಆಲ್ವಾರಿಸ್ ಮಾರ್ ಯೂಲಿಯೋಸರ ಚರಿತ್ರೆ

ಸುಳ್ಳು ಬೋಧಕನೆಂಬ ಹೆಸರು ನಮ್ಮ ಹಳ್ಳಿಯ ಸಭೆಗಳಲ್ಲಿ ಬಹು ಸುಲಭವಾಗಿ ನಾಲಿಗೆಗೆ ಬರುತ್ತದೆ. ಒಬ್ಬ ಉಪದೇಶಿಯು ಹಳೆಯ ರಾಗವನ್ನು ಬಿಟ್ಟು ಹೊಸ ರಾಗದಲ್ಲಿ ಕೀರ್ತನೆಯನ್ನು ಹಾಡಿಸಿದರೆ ಆ ಹೆಸರು. ಇನ್ನೊಬ್ಬನು ಸಭೆಯ ಹಿರಿಯರ ಲೆಕ್ಕವನ್ನು ಕೇಳಿದರೆ ಅದೇ ಹೆಸರು. ಪರಸ್ಥಳದಿಂದ ಬಂದು, ಮೂರು ದಿನ ಇಂಪಾಗಿ ಮಾತಾಡಿ, ಬಡವರ ಕಾಣಿಕೆಯನ್ನು ಎತ್ತಿಕೊಂಡು ಹೋಗುವವನಿಗೆ ಮಾತ್ರ ಯಾಕೋ ಆ ಹೆಸರು ತಡವಾಗಿ, ಅವನು ಹೋದ ಮೇಲೆಯೇ ಸಲ್ಲುತ್ತದೆ. ಸತ್ಯವೇದದಲ್ಲಿ ಈ ವಿಷಯವಾಗಿ ಬರೆದಿರುವ ಎಚ್ಚರಿಕೆಗಳು ಬಹು ಗಂಭೀರವಾದವುಗಳು. ಕರ್ತನು ಬೆಟ್ಟದ ಪ್ರಸಂಗದ ಕೊನೆಯಲ್ಲಿ ಕುರಿಯ ತೊಗಲನ್ನು ಹೊದ್ದ ತೋಳಗಳ ವಿಷಯವಾಗಿ ಹೇಳಿದನು. ಪೌಲನು ಮಿಲೇತದಲ್ಲಿ ಎಫೆಸದ ಹಿರಿಯರನ್ನು ಬಿಟ್ಟು ಹಡಗನ್ನು ಹತ್ತುವ ಮುಂಚೆ, ಹೊರಗಿನಿಂದ ತೋಳಗಳು ಬರುವವೆಂದು ತಿಳಿಸಿದ್ದಲ್ಲದೆ, ತನ್ನ ಮುಂದೆ ಅಳುತ್ತಾ ನಿಂತಿದ್ದ ಆ ಹಿರಿಯರೊಳಗಿಂದಲೇ ಜನರನ್ನು ತಮ್ಮ ಹಿಂದೆ ಎಳೆದುಕೊಳ್ಳುವವರು ಏಳುವರೆಂದೂ ತಿಳಿಸಿದನು. ಪೇತ್ರನ ಎರಡನೆಯ ಪತ್ರಿಕೆಯ ಎರಡನೆಯ ಅಧ್ಯಾಯವೂ ಯೂದನ ಪತ್ರಿಕೆಯೂ ಹೆಚ್ಚುಕಡಿಮೆ ಇದೊಂದೇ ವಿಷಯಕ್ಕೆ ಮೀಸಲಾಗಿವೆ. ಇಷ್ಟು ಭಾರವಾದ ಮಾತನ್ನು ಹಗುರವಾಗಿ ಎತ್ತಿ ಎಸೆಯುವದು ಸರಿಯಲ್ಲ. ಎಸೆಯಬೇಕಾದಲ್ಲಿ ಎಸೆಯದೆ ಸುಮ್ಮನಿರುವದೂ ಸರಿಯಲ್ಲ.

ಈ ಸಂಗತಿಯನ್ನು ವಚನಗಳ ಪಟ್ಟಿಯಿಂದ ವಿವರಿಸುವದಕ್ಕಿಂತ, ನಮ್ಮ ಕರಾವಳಿಯಲ್ಲಿಯೇ ಮೂವತ್ತು ವರುಷಕ್ಕಿಂತ ಹೆಚ್ಚು ಕಾಲ ಆ ಹೆಸರನ್ನು ಹೊತ್ತು ಬಾಳಿದ ಒಬ್ಬರ ಚರಿತ್ರೆಯನ್ನು ಬರೆಯುವದು ಒಳ್ಳೇದೆಂದು ನಾವು ಎಣಿಸಿದ್ದೇವೆ. ಅವರು ನಮ್ಮ ಸಭೆಯವರಲ್ಲ. ನಮ್ಮ ಮಿಶನಿಗೂ ಅವರಿಗೂ ಯಾವ ಸಂಬಂಧವೂ ಇರಲಿಲ್ಲ. ಆದರೂ ಅವರ ಹೆಜ್ಜೆಯ ಗುರುತುಗಳು ನಮಗೆ ದೂರವಾದವುಗಳಲ್ಲ. ಮಂಗಳೂರಿನ ಪಡೀಲಿನಲ್ಲಿರುವ ಜಂಕ್ಷನ್ ನಿಲ್ದಾಣದಲ್ಲಿ ಬಡಗಣ ದಿಕ್ಕಿಗೆ ಹೋಗುವ ರೈಲುಗಾಡಿಯನ್ನು ಹತ್ತಿದವರು ಉಡುಪಿಯನ್ನು ದಾಟಿ ಬಾರ್ಕೂರನ್ನು ಮುಟ್ಟುವದರೊಳಗೆ ಬ್ರಹ್ಮಾವರದ ಸೀಮೆಯನ್ನು ಹಾದುಹೋಗುತ್ತಾರೆ. ಅಲ್ಲಿ ಅವರನ್ನು ತಮ್ಮ ತಂದೆಯೆಂದು ಇಂದಿಗೂ ನೆನಸುವ ಸಭೆಯುಂಟು. ಅದೇ ಹಳಿಯ ಮೇಲೆ ಗೋವೆಯೊಳಗೆ ಮಡಗಾಂವಿನಿಂದ ಸ್ವಲ್ಪ ಆಚೆಗೆ ಹೋದರೆ ಅವರು ಹುಟ್ಟಿದ ವೆರ್ಣಾ ಸಿಕ್ಕುತ್ತದೆ. ಇನ್ನೂ ಮುಂದೆ ಕರ್ಮಳಿಯಲ್ಲಿ ಇಳಿದು ಮಾಂಡವಿ ಹೊಳೆಯ ಬದಿಯಲ್ಲಿ ಸ್ವಲ್ಪ ದೂರ ಹೋದರೆ ಅವರು ಪ್ರಾಣಬಿಟ್ಟ ರಿಬಂದರವು ಇದೆ. ಅವರ ಹೆಸರು ಅಂತೋನಿಯೊ ಫ್ರಾನ್ಸಿಸ್ಕೊ ಶಾವಿಯೇರ್ ಆಲ್ವಾರಿಸ್.

ಆಲ್ವಾರಿಸರು 1836ನೇ ಇಸವಿ ಎಪ್ರಿಲ್ 29ರಲ್ಲಿ ರೋಮನ್ ಕಥೋಲಿಕ ಮನೆತನದಲ್ಲಿ ಹುಟ್ಟಿದರು. ಗೋವೆಯು ಆಗ ಪೋರ್ತುಗೀಸರ ಕೈಯಲ್ಲಿತ್ತು. ಅವರು ದೇವಶಾಸ್ತ್ರವನ್ನು ಕಲಿತು ಪಾದ್ರಿಗಳಾಗಿ, ಗೋವೆಯಲ್ಲಿಯೂ ಬ್ರಿಟಿಷರ ಸೀಮೆಯಲ್ಲಿಯೂ ಸೇವೆಮಾಡಿದರು. ಆರಂಭದಿಂದಲೇ ಎರಡು ಸಂಗತಿಗಳು ಅವರಲ್ಲಿ ಎದ್ದುಕಾಣುತ್ತಿದ್ದವು. ಮೊದಲನೇದು, ಬಡವರ ಮೇಲಣ ಕನಿಕರ. ಮಿಕ್ಕ ಪಾದ್ರಿಗಳು ಪೂಜೆಯ ಬಳಿಕ ಮನೆಗೆ ಹೋಗುವಾಗ ಇವರು ಬೀದಿಯಲ್ಲಿ ಬಿದ್ದಿರುವ ಭಿಕ್ಷುಕರ ಬಳಿಗೆ ಹೋಗುವರು. ಪಣಜಿಯಲ್ಲಿ ಅಂಥವರ ಸಹಾಯಕ್ಕಾಗಿ ಒಂದು ಧರ್ಮಸಂಘವನ್ನು ಏರ್ಪಡಿಸಿದರು. ಎರಡನೇದು, ಬರವಣಿಗೆ. ಅವರು ಪೋರ್ತುಗೀಸ್ ಭಾಷೆಯಲ್ಲಿ ಒಂದರ ಹಿಂದೆ ಒಂದು ಪತ್ರಿಕೆಯನ್ನು ಹೊರಡಿಸಿದರು. ಆ ಪತ್ರಿಕೆಗಳ ಹೆಸರನ್ನು ಕನ್ನಡಿಸಿದರೆ ಶಿಲುಬೆ, ಸತ್ಯ, ಗೋವೆಯ ಅಭಿವೃದ್ಧಿ, ಭಾರತದ ಕೂಗು ಎಂದಾಗುತ್ತವೆ. ಹೆಸರುಗಳಿಂದಲೇ ಬರೆದವರ ಸ್ವಭಾವವು ತಿಳಿಯುತ್ತದೆ. ಸಭೆಯ ದೊಡ್ಡವರ ತಪ್ಪನ್ನೂ ಸರಕಾರದವರ ತಪ್ಪನ್ನೂ ಅವರು ಮುಚ್ಚಲಿಲ್ಲ. ಆದಕಾರಣ ಇಬ್ಬರ ಕೋಪಕ್ಕೂ ಗುರಿಯಾದರು. ಲೇಖನಿಯು ಹರಿತವಾಗಿದ್ದವರಿಗೆ ತಾಳ್ಮೆಯು ಕಡಿಮೆಯಾಗಿರುವದುಂಟು. ಆಲ್ವಾರಿಸರೂ ಅದಕ್ಕೆ ಹೊರತಾಗಿರಲಿಲ್ಲವೆಂದು ನಮಗೆ ತೋರುತ್ತದೆ.

ಇನ್ನು ಅವರ ಬಾಳನ್ನು ಎರಡು ಭಾಗ ಮಾಡಿದ ಜಗಳದ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಪೋರ್ತುಗೀಸರು ಮೂಡಣ ಸಮುದ್ರಗಳಿಗೆ ಹಡಗುಗಳನ್ನು ಕಳುಹಿಸತೊಡಗಿದ ಕಾಲದಲ್ಲಿ ರೋಮಾಪುರಿಯ ಪೋಪರು ಆ ಅರಸರಿಗೆ ಒಂದು ಹಕ್ಕನ್ನು ಕೊಟ್ಟಿದ್ದರು. ಈ ದೇಶಗಳಲ್ಲಿ ದೇವಾಲಯಗಳನ್ನು ಕಟ್ಟಿಸಿ ಪಾದ್ರಿಗಳನ್ನು ಸಾಕುವದು ಅರಸನ ಭಾರ. ಬಿಷಪರನ್ನು ಸೂಚಿಸುವದು ಅರಸನ ಅಧಿಕಾರ. ಇದಕ್ಕೆ ಪದ್ರುವಾದೊ ಎಂದು ಹೆಸರು. ಕಾಲಕ್ರಮದಲ್ಲಿ ಪೋರ್ತುಗಾಲದ ಬಲವು ಕುಗ್ಗಿತು, ಬ್ರಿಟಿಷರು ದೇಶವನ್ನು ಆಳಿದರು, ರೋಮಾಪುರಿಯು ತನ್ನ ಸ್ವಂತ ಮಿಶನರಿಗಳನ್ನು ನೇರವಾಗಿ ಕಳುಹಿಸತೊಡಗಿತು. ಹೀಗೆ ಒಂದೇ ಊರಿನಲ್ಲಿ ಒಂದು ದೇವಾಲಯವು ಗೋವೆಯ ಕೈಕೆಳಗೆ, ಇನ್ನೊಂದು ರೋಮಾಪುರಿಯ ಪ್ರೊಪಗಾಂದ ಸಂಘದ ಕೈಕೆಳಗೆ ಇರುವಂತಾಯಿತು. 1838ರಲ್ಲಿ ಪೋಪರು ಬ್ರಿಟಿಷ್ ಸೀಮೆಯ ಅನೇಕ ಕಡೆಗಳಲ್ಲಿ ಅರಸನ ಹಕ್ಕನ್ನು ತೆಗೆದುಹಾಕಿದರು, ಗೋವೆಯವರು ಒಪ್ಪಲಿಲ್ಲ. ಕಡೆಗೆ 1886ನೇ ಇಸವಿಯಲ್ಲಿ ಪೋಪರೂ ಪೋರ್ತುಗಾಲದ ಅರಸನೂ ಒಪ್ಪಂದಕ್ಕೆ ಬಂದರು. ಅದೇ ವರುಷ ಮಂಗಳೂರು ಪ್ರತ್ಯೇಕ ಧರ್ಮಪ್ರಾಂತವಾಗಿ ಏರ್ಪಟ್ಟಿತು. ಆ ಪ್ರಾಂತದ ಕೆಲಸವು 1878ರ ಕೊನೆಯಿಂದಲೇ ಯೇಸುಸಭೆಯ ಪಾದ್ರಿಗಳ ಕೈಯಲ್ಲಿತ್ತು.

ದೂರದ ಅರಸರು ಕಾಗದದ ಮೇಲೆ ಗೆರೆಯನ್ನೆಳೆಯುವಾಗ ಹಳ್ಳಿಯ ಕುಟುಂಬವನ್ನು ಯಾರೂ ಕೇಳುವದಿಲ್ಲ. ಕಲ್ಯಾಣಪುರ, ಬ್ರಹ್ಮಾವರದ ಕಡೆಯ ಕೊಂಕಣಿ ಮಾತಾಡುವ ಕ್ರೈಸ್ತರ ಪೂರ್ವಿಕರು ಗೋವೆಯಿಂದ ಬಂದವರು. ಅವರ ಪಾಪದ ಅರಿಕೆಯನ್ನು ಕೇಳಿ, ಅವರ ಮಕ್ಕಳಿಗೆ ದೀಕ್ಷಾಸ್ನಾನವನ್ನು ಕೊಟ್ಟು, ಅವರ ಸತ್ತವರನ್ನು ಹೂಣಿಟ್ಟ ಪಾದ್ರಿಗಳು ಗೋವೆಯವರು, ಅವರ ಮಾತನ್ನೇ ಆಡುವವರು. ಈಗ ಆ ಪಾದ್ರಿಗಳು ಹೋಗಿ, ಯುರೋಪಿನವರ ಆಳಿಕೆಗೆ ತಾವು ಒಳಗಾಗಬೇಕೆಂಬ ಆಜ್ಞೆ ಬಂತು. ಅನೇಕರು ತಲೆಬಾಗಿದರು. ಕೆಲವರು ಒಪ್ಪಲಿಲ್ಲ. ಬೊಂಬಾಯಿಯಲ್ಲಿದ್ದ ಗೋವೆಯವರೊಳಗೂ ಇದೇ ಕಲಹ ಎದ್ದಿತು. ಅಲ್ಲಿ ಆಲ್ವಾರಿಸರೂ ಲಿಸ್ಬೋವ ಪಿಂತೊ ಎಂಬ ವೈದ್ಯರೂ ಅರಸನ ಹಕ್ಕನ್ನು ಕಾಪಾಡುವ ಸಂಘವನ್ನು ಕಟ್ಟಿ, ರೋಮಾಪುರಿಗೂ ಲಿಸ್ಬನಿಗೂ ಬ್ರಿಟಿಷ್ ಸರಕಾರಕ್ಕೂ ಮನವಿಗಳನ್ನು ಕಳುಹಿಸಿದರು. ಯಾವದೂ ಫಲಿಸಲಿಲ್ಲ. ಯಾವ ಅರಸನ ಹಕ್ಕಿಗಾಗಿ ಅವರು ಹೋರಾಡಿದರೋ ಆ ಅರಸನೇ ಅದನ್ನು ಬಿಟ್ಟುಕೊಟ್ಟಿದ್ದನು.

ಆಗ ಆಲ್ವಾರಿಸರು ಯಾರೂ ನೆನಸದ ದಾರಿಯನ್ನು ಹಿಡಿದರು. ತೆಂಕಣದಲ್ಲಿ ಮಲಂಕರೆಯ ಸುರಿಯಾನಿ ಸಭೆಯುಂಟಷ್ಟೆ. ತೋಮನೆಂಬ ಅಪೊಸ್ತಲನಿಂದ ತಮಗೆ ಸುವಾರ್ತೆಯು ಬಂತೆಂದು ಹೇಳುವ ಆ ಸಭೆಯು 1653ರಲ್ಲಿ ಮಟ್ಟಾಂಚೇರಿಯಲ್ಲಿ ಪ್ರಮಾಣಮಾಡಿ ಪೋರ್ತುಗೀಸ್ ಪಾದ್ರಿಗಳ ನೊಗವನ್ನು ಕಳಚಿಕೊಂಡು, ತರುವಾಯ ಅಂತಿಯೋಕ್ಯದ ಪಿತೃಪತಿಯ ಸಂಬಂಧದಲ್ಲಿ ನಿಂತಿತು. ಆಲ್ವಾರಿಸರು ಅವರನ್ನು ಆಶ್ರಯಿಸಿದರು. 1889ನೇ ಇಸವಿ ಜುಲಾಯಿ 29ರಲ್ಲಿ ಕೊಟ್ಟಾಯದಲ್ಲಿ ಸುರಿಯಾನಿ ಸಭೆಯ ಮೇತ್ರಾನರು ಅವರ ತಲೆಯ ಮೇಲೆ ಕೈಗಳನ್ನಿಟ್ಟು, ಮಾರ್ ಯೂಲಿಯೋಸ್ ಎಂಬ ಹೆಸರಿನಿಂದ ಗೋವೆ, ಸಿಂಹಳ, ಮಲಬಾರಿನ ಹೊರಗಣ ಭಾರತ ಇವುಗಳಿಗೆ ಮಹಾಧ್ಯಕ್ಷರನ್ನಾಗಿ ನೇಮಿಸಿದರು. ಕೈಯಿಟ್ಟವರಲ್ಲಿ ಪರುಮಲದ ಗೀವರ್ಗೀಸ್ ಮಾರ್ ಗ್ರಿಗೋರಿಯೋಸರೂ ಒಬ್ಬರು. ತಮ್ಮ ಜನರು ರೂಢಿಯಾಗಿದ್ದ ಲತೀನ್ ಪೂಜಾಕ್ರಮವನ್ನೇ ಇಟ್ಟುಕೊಳ್ಳುವದಕ್ಕೆ ಅವರಿಗೆ ಅಪ್ಪಣೆಯಾಯಿತು. ರೋಮಾಪುರಿಯ ಸಭೆಯು ಅವರನ್ನು ಬಹಿಷ್ಕರಿಸಿತು. ಅಂದಿನಿಂದ ಅವರು ಗೋವೆಯ ಪೀಠಗಳಿಂದ ಕಳ್ಳ ಕುರುಬನೆಂದೂ ಸಭೆಯನ್ನು ಸೀಳಿದವನೆಂದೂ ಕರೆಯಲ್ಪಟ್ಟರು.

ಇಲ್ಲಿ ನಾವು ಸ್ವಲ್ಪ ನಿಂತು ಸತ್ಯವೇದದ ಎಚ್ಚರಿಕೆಗಳನ್ನು ಈ ಮನುಷ್ಯರ ಮುಂದೆ ಇಟ್ಟು ನೋಡುವೆವು. ಯೋಹಾನನು ತನ್ನ ಮೊದಲನೆಯ ಪತ್ರಿಕೆಯ ನಾಲ್ಕನೆಯ ಅಧ್ಯಾಯದಲ್ಲಿ ಆತ್ಮಗಳನ್ನು ಪರೀಕ್ಷಿಸಬೇಕೆಂದು ಬರೆದು, ಯೇಸು ಕ್ರಿಸ್ತನು ಶರೀರಧಾರಿಯಾಗಿ ಬಂದನೆಂಬ ಅರಿಕೆಯನ್ನು ಒರೆಗಲ್ಲನ್ನಾಗಿ ಕೊಟ್ಟನು. ಗಲಾತ್ಯದವರಿಗೆ ಬರೆದ ಪತ್ರಿಕೆಯಲ್ಲಿ ಪೌಲನು ಬೇರೊಂದು ಸುವಾರ್ತೆಯನ್ನು ತರುವವನನ್ನು, ಅವನು ಪರಲೋಕದ ದೂತನೇ ಆಗಿದ್ದರೂ, ಒಪ್ಪಬಾರದೆಂದನು. ಆಲ್ವಾರಿಸರು ಬೇರೆ ಕ್ರಿಸ್ತನನ್ನು ಸಾರಿದರೋ? ಸಾರಲಿಲ್ಲ. 1889ರ ಜುಲಾಯಿಗೆ ಮುಂಚೆ ಅವರು ಪಠಿಸಿದ ನೈಸಿಯದ ವಿಶ್ವಾಸಪ್ರಮಾಣದಲ್ಲಿಯ ಕರ್ತನನ್ನೇ ಆಮೇಲೆಯೂ ಅರಿಕೆಮಾಡಿದರು. ಪೂಜೆಯ ವಿಷಯದಲ್ಲಿಯೂ ಮರಿಯಳಿಗೂ ಸಂತರಿಗೂ ಸಲ್ಲಿಸುವ ಪ್ರಾರ್ಥನೆಗಳ ವಿಷಯದಲ್ಲಿಯೂ ನಾವು ಅವರೊಂದಿಗೆ ಒಪ್ಪುವವರಲ್ಲ. ಇದನ್ನು ಮರೆಮಾಡುವ ಕಾರಣವಿಲ್ಲ. ಆದರೆ ಅವರ ಮೇಲೆ ದೂರು ಹೊರಿಸಿದವರು ಆ ವಿಷಯಗಳಲ್ಲಿ ಅವರೊಂದಿಗೆ ಒಂದೇ ಮನಸ್ಸುಳ್ಳವರಾಗಿದ್ದರು. ಜಗಳವು ಬಿಷಪನನ್ನು ಯಾರು ನೇಮಿಸಬೇಕೆಂಬುದರ ಮೇಲೆ ಹುಟ್ಟಿತೇ ಹೊರತು ರಕ್ಷಣೆಯ ಮಾರ್ಗದ ಮೇಲೆ ಹುಟ್ಟಲಿಲ್ಲ. ಪೇತ್ರನು ಸುಳ್ಳು ಬೋಧಕರ ಗುರುತನ್ನು ಹೇಳುವಾಗ ಲೋಭವನ್ನೂ ಕಾಮವನ್ನೂ ವಿಶ್ವಾಸಿಗಳನ್ನು ವ್ಯಾಪಾರದ ಸರಕಾಗಿ ಮಾಡಿಕೊಳ್ಳುವದನ್ನೂ ಹೇಳುತ್ತಾನೆ. ದೂರದ ಪೀಠದ ಅಪ್ಪಣೆಯನ್ನು ಮೀರುವದನ್ನು ಆ ಗುರುತುಗಳಲ್ಲಿ ಸೇರಿಸಿಲ್ಲ. ಯೋಹಾನನ ಮೂರನೆಯ ಪತ್ರಿಕೆಯಲ್ಲಿಯೋ ಸಂಗತಿಯು ತಲೆಕೆಳಗಾಗಿದೆ. ಅಲ್ಲಿ ದಿಯೊತ್ರೇಫನು ಪೀಠದಲ್ಲಿ ಕೂತವನು. ಸಹೋದರರನ್ನು ಸಭೆಯಿಂದ ಹೊರಗೆ ಹಾಕುವವನು ಅವನೇ. ಅಪೊಸ್ತಲನ ಗದರಿಕೆಯು ಅವನ ಮೇಲೆಯೇ ಬೀಳುತ್ತದೆ. ನಮ್ಮ ಸಭೆಯವರು ಈ ಚಿಕ್ಕ ಪತ್ರಿಕೆಯನ್ನು ಓದುವದು ಬಹು ಅಪರೂಪ.

ಆದರೂ ಇನ್ನೊಂದು ಮಾತನ್ನು ಹೇಳದೆ ಹೋದರೆ ನ್ಯಾಯವಾಗದು. ಅರಸನ ಹಕ್ಕೆಂಬ ಕಾರಣವು ಕ್ರಿಸ್ತನ ಸಭೆಯನ್ನು ಎರಡು ಮಾಡುವಷ್ಟು ಭಾರವುಳ್ಳದ್ದೆಂದು ನಮಗೆ ಕಾಣುವದಿಲ್ಲ. ಗೋವೆಯವರ ಸ್ವಾಭಿಮಾನವೂ ಯುರೋಪಿನವರ ತಿರಸ್ಕಾರದಿಂದಾದ ಗಾಯವೂ ಅದರೊಳಗೆ ಕೂಡಿಕೊಂಡಿದ್ದವು. ಆ ಗಾಯವು ಸುಳ್ಳಲ್ಲ; ಆದರೆ ಗಾಯದಿಂದ ಹುಟ್ಟಿದ ಸಭೆಯು ಬಹು ಕಾಲ ನೋವಿನಲ್ಲಿಯೇ ಬೆಳೆಯಬೇಕಾಗುತ್ತದೆ.

ಬ್ರಹ್ಮಾವರದಲ್ಲಿ ಅದು ಹಾಗೆಯೇ ಬೆಳೆಯಿತು. ಅಲ್ಲಿ ಆಲ್ವಾರಿಸರ ಕೈಯಾಗಿ ನಿಂತವರು ರೋಕ್ ಜೆಫ್ರಿನ್ ನೊರೋನ್ಹಾ ಪಾದ್ರಿಗಳು. ಇವರು 1936ರಲ್ಲಿ ಸಾಯುವ ತನಕ, ಹೆಚ್ಚುಕಡಿಮೆ ಅರ್ಧ ಶತಮಾನ, ಆ ಒಂದೇ ಮಂದೆಯನ್ನು ಬಿಡದೆ ಕಾದರು. ಒಂದೇ ವಂಶದವರು ಎರಡು ಪಂಗಡವಾದರೆ ಮದುವೆಗೂ ಮರಣಕ್ಕೂ ಎಂಥ ಕಷ್ಟ ಬರುತ್ತದೆಂಬದನ್ನು ಹಳ್ಳಿಯ ವಾಚಕರಿಗೆ ನಾವು ವಿವರಿಸಬೇಕಾದದ್ದಿಲ್ಲ. ಕರ್ತನು ಯೋಹಾನನ ಸುವಾರ್ತೆಯ ಹತ್ತನೆಯ ಅಧ್ಯಾಯದಲ್ಲಿ ಕೂಲಿಯಾಳಿಗೂ ಕುರುಬನಿಗೂ ತೋರಿಸಿದ ಭೇದವು ತೋಳ ಬಂದಾಗ ಓಡುವದು ಮತ್ತು ನಿಲ್ಲುವದು ಇವುಗಳಲ್ಲಿದೆ. ನೊರೋನ್ಹಾ ಪಾದ್ರಿಗಳು ನಿಂತರು. ಅವರ ಸಭೆಯು ಇಂದು ಮಲಂಕರ ಆರ್ಥಡಾಕ್ಸ್ ಸಭೆಯೊಳಗೆ ಇದೆ. 2010ರಲ್ಲಿ ಬ್ರಹ್ಮಾವರವು ಆ ಸಭೆಯ ಒಂದು ಧರ್ಮಪ್ರಾಂತವಾಯಿತು. ಉಡುಪಿ ಸೀಮೆಯವರು ಎಸ್. ಎಂ. ಎಸ್. ಎಂದು ಕರೆಯುವ ವಿದ್ಯಾಶಾಲೆಗಳು ಆ ಸಭೆಯವುಗಳೇ. ಅವುಗಳಲ್ಲಿ ಎಲ್ಲಾ ಮತಗಳ ಮಕ್ಕಳೂ ಕಲಿಯುತ್ತಾರೆ.

ಆಲ್ವಾರಿಸರ ಬಾಳಿನಲ್ಲಿ ನಮ್ಮನ್ನು ಬಹಳವಾಗಿ ಚಿಂತೆಗೆ ಹಚ್ಚುವದು ಅವರ ಮೇಲೆ ಬಂದ ದೂರಲ್ಲ, ಅವರು ತಾವೇ ಇನ್ನೊಬ್ಬನ ಮೇಲೆ ಕೈಯಿಟ್ಟ ಸಂಗತಿ. 1854ರಲ್ಲಿ ಪಾರೀಸಿನಲ್ಲಿ ಹುಟ್ಟಿದ ಯೋಸೇಫ್ ರೆನೆ ವಿಲಾತ್ ಎಂಬವನು ಅಮೇರಿಕದ ವಿಸ್ಕಾನ್ಸಿನ್ ಎಂಬ ಸೀಮೆಯಲ್ಲಿ ಬೆಲ್ಜಿಯಮಿನಿಂದ ಬಂದು ನೆಲಸಿದ ಒಕ್ಕಲಿಗರ ನಡುವೆ ಪಾದ್ರಿಯಾಗಿದ್ದನು. ಅವನಿಗೆ ಬಿಷಪನಾಗಬೇಕೆಂಬ ಆಶೆಯು ಬಲವಾಗಿತ್ತು. ಅವನನ್ನು ಹತ್ತಿರದಿಂದ ಬಲ್ಲ ಅಮೇರಿಕದ ಎಪಿಸ್ಕೋಪಲ್ ಸಭೆಯವರು ಅವನನ್ನು ಆ ಪದವಿಗೆ ಏರಿಸಲಿಲ್ಲ. ಹಾಲೆಂಡಿನ ಪುರಾತನ ಕಥೋಲಿಕರೂ ಏರಿಸಲಿಲ್ಲ. ಹೀಗೆ ಬಾಗಲಿಂದ ಬಾಗಲಿಗೆ ತಿರುಗಿದವನು ಸಮುದ್ರವನ್ನು ದಾಟಿ ಸಿಂಹಳಕ್ಕೆ ಬಂದು ಕೊಲಂಬೊ ಪಟ್ಟಣದಲ್ಲಿ ಆಲ್ವಾರಿಸರ ಆಶ್ರಯವನ್ನು ಕೇಳಿದನು. ಅಂತಿಯೋಕ್ಯದ ಪಿತೃಪತಿಯ ಅಪ್ಪಣೆಯನ್ನು ತರಿಸಿಕೊಂಡು 1892ನೇ ಇಸವಿ ಮೇ 29ರಲ್ಲಿ ಆಲ್ವಾರಿಸರು ಅವನನ್ನು ಮಾರ್ ತಿಮೊಥೆಯೋಸ್ ಎಂಬ ಹೆಸರಿನಿಂದ ಅಭಿಷೇಕಿಸಿದರು.

ಅಪ್ಪಣೆಯ ಕಾಗದವಿತ್ತು, ಕ್ರಮದಲ್ಲಿ ಕೊರತೆಯಿರಲಿಲ್ಲ. ಆದರೆ ಆ ಮನುಷ್ಯನ ಮಂದೆಯು ಸಾವಿರಾರು ಹರದಾರಿ ದೂರದಲ್ಲಿತ್ತು. ಅವನ ನಡತೆಯನ್ನು ಕಂಡ ನೆರೆಯವರ ಸಾಕ್ಷಿಯನ್ನು ಕೊಲಂಬೊದಲ್ಲಿ ಕೂತು ತೂಗುವದು ಹೇಗೆ? ಪೌಲನು ತಿಮೊಥೆಯನಿಗೆ ಬರೆಯುವಾಗ ಯಾರ ಮೇಲೆಯೂ ಅವಸರದಿಂದ ಹಸ್ತಗಳನ್ನು ಇಡಬಾರದೆಂದು ಆಜ್ಞಾಪಿಸಿದ್ದು, ಸಭಾಧ್ಯಕ್ಷನಾಗುವವನಿಗೆ ಹೊರಗಿನವರಿಂದಲೂ ಒಳ್ಳೇ ಸಾಕ್ಷಿ ಬೇಕೆಂದು ವಿಧಿಸಿದ್ದು, ಇಂಥ ಸಂದರ್ಭಕ್ಕಾಗಿಯೇ ಎಂದು ಹೇಳಬಹುದು. ಸ್ವತಃ ತಳ್ಳಲ್ಪಟ್ಟವರು ತಳ್ಳಲ್ಪಟ್ಟು ಬಂದ ಇನ್ನೊಬ್ಬನನ್ನು ನೋಡಿದಾಗ ಮನಸ್ಸು ಕರಗುತ್ತದೆ. ತನ್ನ ಹಾಗೆಯೇ ಇವನೂ ಅನ್ಯಾಯವಾಗಿ ತಳ್ಳಲ್ಪಟ್ಟಿರಬೇಕೆಂದು ಎಣಿಸುವದು ಸಹಜ. ಆಲ್ವಾರಿಸರು ಹಾಗೆ ಎಣಿಸಿರಬಹುದೆಂದು ನಾವು ಊಹಿಸುತ್ತೇವೆ. ತೋಳವು ಕುರಿಯ ತೊಗಲನ್ನು ಹೊದೆಯುತ್ತದೆಂದು ಕರ್ತನು ಹೇಳಿದ್ದು ಸರಿಯೇ. ಕೆಲವು ಸಾರಿ ಅದು ಗಾಯಗೊಂಡ ಕುರಿಯ ತೊಗಲಾಗಿರುತ್ತದೆ.

ವಿಲಾತನು ಅಮೇರಿಕಕ್ಕೆ ಹಿಂತಿರುಗಿ ತನ್ನ ಪದವಿಯನ್ನು ಇತರರಿಗೂ ಹಂಚಿದನು. ಅವನಿಂದ ಅಭಿಷೇಕ ಹೊಂದಿದವರು ಇನ್ನು ಕೆಲವರನ್ನು, ಅವರು ಮತ್ತೆ ಕೆಲವರನ್ನು ಅಭಿಷೇಕಿಸಿದರು. ಮಂದೆಯೇ ಇಲ್ಲದ ಕುರುಬರು, ಸಭೆಯೇ ಇಲ್ಲದ ಬಿಷಪರು ಅಮೇರಿಕದಲ್ಲಿಯೂ ಯುರೋಪಿನಲ್ಲಿಯೂ ಹಬ್ಬಿದರು. ಅವರೊಳಗೆ ಪ್ರಾಮಾಣಿಕರೂ ಇದ್ದರು, ಬಿರುದಿನ ಹುಚ್ಚುಳ್ಳವರೂ ಇದ್ದರು, ಬರಿಯ ವೇಷಧಾರಿಗಳೂ ಇದ್ದರು. ಅವರಲ್ಲಿ ಅನೇಕರು ಕೊಲಂಬೊದ ಆ ಒಂದು ದಿವಸವನ್ನು ತಮ್ಮ ಅಧಿಕಾರಕ್ಕೆ ಆಧಾರವೆಂದು ತೋರಿಸುತ್ತಿದ್ದರು. ವಿಲಾತನು 1925ರಲ್ಲಿ ರೋಮಾಪುರಿಯ ಸಭೆಗೆ ತಿರುಗಿಕೊಂಡು 1929ರಲ್ಲಿ ಫ್ರಾನ್ಸ್ ದೇಶದ ವೆರ್ಸಾಯಿಯಲ್ಲಿ ತೀರಿಹೋದನು. 1938ರಲ್ಲಿ ಅಂತಿಯೋಕ್ಯದ ಸುರಿಯಾನಿ ಪಿತೃಪತಿಯ ಕಡೆಯಿಂದ ಪ್ರಕಟನೆ ಹೊರಟು, ವಿಲಾತನ ಮೂಲಕ ತಮಗೆ ಸುರಿಯಾನಿ ಅಭಿಷೇಕವು ಬಂತೆಂದು ಹೇಳಿಕೊಳ್ಳುವವರೊಂದಿಗೆ ತಮಗೆ ಯಾವ ಸಂಬಂಧವೂ ಇಲ್ಲವೆಂದು ತಿಳಿಸಿತು. ಕೈಯಿಟ್ಟವರು ಅಷ್ಟರೊಳಗೆ ತೀರಿಹೋಗಿ ಹದಿನೈದು ವರುಷಗಳಾಗಿದ್ದವು. ಕೈಯಿಡುವದಕ್ಕೆ ಒಂದು ಗಳಿಗೆ ಸಾಕು. ಅದನ್ನು ಹಿಂತೆಗೆಯುವದಕ್ಕೆ ನಾಲ್ವತ್ತಾರು ವರುಷ ಹಿಡಿಯಿತು.

ಅತ್ತ ಗೋವೆಯಲ್ಲಿ ಆಲ್ವಾರಿಸರಿಗೆ ಸುಖವಿರಲಿಲ್ಲ. ಪೋರ್ತುಗೀಸ್ ಅಧಿಕಾರಿಗಳು ಅವರನ್ನು ಹಿಡಿಸಿ, ಅವರು ಧರಿಸಿದ್ದ ಬಿಷಪರ ನಿಲುವಂಗಿಯನ್ನು ಸುಲಿದು, ಜನರು ನೋಡುವ ಹಾಗೆ ಬೀದಿಯಲ್ಲಿ ನಡಿಸಿಕೊಂಡು ಹೋಗಿ ಸೆರೆಯಲ್ಲಿ ಹಾಕಿದರು. ಒಂದು ಕಾಲದಲ್ಲಿ ಆ ಸರಕಾರದ ಹಕ್ಕಿಗಾಗಿ ತಮ್ಮ ಸರ್ವಸ್ವವನ್ನೂ ಕಳಕೊಂಡವರಿಗೆ ಅದೇ ಸರಕಾರದಿಂದ ಸಿಕ್ಕಿದ ಬಹುಮಾನವು ಇದು. ನ್ಯಾಯಸ್ಥಾನದಲ್ಲಿ ಅವರ ಮೇಲಣ ಅಪರಾಧವು ನಿಲ್ಲದೆ ಬಿಡುಗಡೆಯಾಯಿತು. ಬಳಿಕ ಅವರು ಬಿಷಪರ ವೈಭವದ ಉಡುಪನ್ನು ಬಿಟ್ಟು ಸಾದಾ ಕಪ್ಪು ನಿಲುವಂಗಿಯಲ್ಲಿ ತಿರುಗಾಡಿದರೆಂದು ತಿಳಿಯುತ್ತದೆ.

ಮತ್ತು ಅವರು ತಮ್ಮ ಮೊದಲಿನ ಕೆಲಸಕ್ಕೇ ತಿರುಗಿದರು. ವಾಂತಿಭೇದಿಯ ಜಾಡ್ಯವು ಊರೂರುಗಳನ್ನು ಬರಿದುಮಾಡುತ್ತಿದ್ದ ಆ ಕಾಲದಲ್ಲಿ ರೋಗಿಗಳ ಆರೈಕೆಯ ಕ್ರಮವನ್ನು ತಿಳಿಸುವ ಚಿಕ್ಕ ಪುಸ್ತಕವನ್ನು ಬರೆದು ಹಂಚಿದರು. ಬರೆದದ್ದಲ್ಲದೆ ರೋಗಿಗಳ ಬಳಿಗೆ ತಾವೇ ಹೋದರು. ಅಕ್ಕಿಯು ಸಿಕ್ಕದ ಬಡವರು ಹಸಿವೆಯಿಂದ ಸಾಯಬಾರದೆಂದು ಮರಗೆಣಸಿನ ಬೆಳೆಯ ವಿಷಯವಾಗಿ ಇನ್ನೊಂದು ಪುಸ್ತಕವನ್ನು ಬರೆದರು. ಮಹಾಧ್ಯಕ್ಷರೆಂಬ ಬಿರುದುಳ್ಳವರು ಗೆಣಸಿನ ಕಡ್ಡಿಯನ್ನು ನೆಡುವ ಕ್ರಮವನ್ನು ಬರೆಯುವದು ನಮಗೆ ಬಹು ಹಿತವಾಗಿ ತೋರುತ್ತದೆ. ಕೊನೆಯ ಹತ್ತು ವರುಷ ಪಣಜಿಯಲ್ಲಿ ದಿಕ್ಕಿಲ್ಲದವರಿಗಾಗಿ ಮನೆಯನ್ನು ನಡಿಸಿದರು. ಕೈಯಲ್ಲಿ ಹಣ ಮುಗಿದಾಗ ತಾವೇ ಬೋಗುಣಿಯನ್ನು ಹಿಡಿದು ಅಂಗಡಿ ಬೀದಿಗೆ ಹೋಗಿ, ಬಹಿಷ್ಕಾರವಾದವನೆಂದು ಮುಖ ತಿರುಗಿಸುವವರ ಮುಂದೆಯೂ ನಿಂತು, ತಮ್ಮ ಬಡವರಿಗಾಗಿ ಬೇಡುವರು. ಪೇತ್ರನು ಹೇಳಿದ ಲೋಭವೆಂಬ ಗುರುತನ್ನು ಈ ಮುದುಕರಲ್ಲಿ ಹುಡುಕಿದವರಿಗೆ ಆ ಬೋಗುಣಿಯೇ ಸಿಕ್ಕೀತು.

ಅವರು ಬಡತನದಲ್ಲಿಯೇ ಭೇದಿಯಿಂದ ಅಸ್ವಸ್ಥರಾಗಿ ರಿಬಂದರದ ಆಸ್ಪತ್ರೆಯಲ್ಲಿ ಮಲಗಿದರು. 1923ನೇ ಇಸವಿ ಸಪ್ಟೆಂಬರ್ 23ರಲ್ಲಿ, ಎಂಭತ್ತೇಳನೆಯ ವಯಸ್ಸಿನಲ್ಲಿ, ತೀರಿಹೋದರು. ಅವರ ಶರೀರವನ್ನು ಪಣಜಿಯ ಪುರಸಭೆಯ ಚಾವಡಿಯಲ್ಲಿ ಇಟ್ಟಾಗ ಬಡವರೂ ಭಿಕ್ಷುಕರೂ ಹಿಂದುಗಳೂ ಕ್ರೈಸ್ತರೂ ಗುಂಪುಗುಂಪಾಗಿ ಬಂದು ಕಡೇ ಸಾರಿ ನೋಡಿದರು. ಮರುದಿನ ಸಂತ ಇನೇಸಿನ ಸ್ಮಶಾನದ ಒಂದು ಒಂಟಿ ಮೂಲೆಯಲ್ಲಿ, ಸಭೆಯ ಯಾವ ಕ್ರಮವೂ ಇಲ್ಲದೆ, ಅವರನ್ನು ಹೂಣಿಟ್ಟರು. 1927ರಲ್ಲಿ ಅವರ ಸ್ನೇಹಿತರು ಎಲುಬುಗಳನ್ನು ತೆಗೆದು ಸೀಸದ ಪೆಟ್ಟಿಗೆಯಲ್ಲಿಟ್ಟು, ಅದೇ ಸ್ಮಶಾನದಲ್ಲಿ ಮೇಲೆ ಅಮೃತಶಿಲೆಯ ಹಾಸುಗಲ್ಲನ್ನು ಹಾಕಿದರು. ಬಹು ಕಾಲದ ಮೇಲೆ ಆ ಎಲುಬುಗಳನ್ನು ಅಲ್ಲಿಂದ ತೆಗೆದು ರಿಬಂದರದ ಸಂತ ಮರಿಯಮ್ಮನವರ ಆರ್ಥಡಾಕ್ಸ್ ದೇವಾಲಯದಲ್ಲಿ ಇಟ್ಟಿದ್ದಾರೆ.